ಕಂಪನಿ ಕೆಲಸಕ್ಕೆ ಲಾಸ್ ವೇಗಸ್‌ಗೆ ಹೋದರೆ ಅದೇನು ತಪ್ಪಾ?

ಹೆಂಡರ್ಸನ್_ಕನ್ನಡಿಗ
ಎಲ್ಲರಿಗೂ ನಮಸ್ಕಾರ. ನಾನಿರುವುದು ಲಾಸ್ ವೇಗಸ್ ಪಕ್ಕದ ಹೆಂಡರ್ಸನ್‌ನಲ್ಲಿ. ಟ್ರೇಡ್ ಶೋಗಳಿಗೆ ಸ್ಟಾಲ್ ಕಟ್ಟಿ, ಕರೆಂಟು, ಇಂಟರ್ನೆಟ್ ಎಳೆದುಕೊಡುವ ಕಂಪನಿಯಲ್ಲಿ ಕೆಲಸ. ಇತ್ತೀಚೆಗೆ ಒಂದು ದೊಡ್ಡ ಕಂಪನಿ ತನ್ನ ವರ್ಷದ ಮೀಟಿಂಗನ್ನು ಇಲ್ಲಿಂದ ಬೇರೆ ಊರಿಗೆ ಸಾಗಿಸಿತು. ಅಲ್ಲಿ ರೂಮ್ ಬಾಡಿಗೆ ಇಲ್ಲಿಗಿಂತ ಜಾಸ್ತಿ. ಆದರೂ ಹೋದರು. ಯಾಕೆ ಅಂತ ಕೇಳಿದರೆ "ವೇಗಸ್ ಅಂದರೆ ಷೇರುದಾರರು ಏನಂದುಕೊಳ್ಳುತ್ತಾರೋ" ಅನ್ನುವ ಉತ್ತರ. ಆ ವಾರ ನಮ್ಮಲ್ಲಿ ಬಹಳ ಜನಕ್ಕೆ ಶಿಫ್ಟೇ ಸಿಗಲಿಲ್ಲ.

ಇದು ಹೊಸದಲ್ಲ. 2009ರ ಫೆಬ್ರುವರಿ ನೆನಪಿದೆಯಾ? ಬ್ಯಾಂಕುಗಳು ಮುಳುಗಿ, ಸರ್ಕಾರ ದುಡ್ಡು ಸುರಿದು ಎತ್ತಿದ ಕಾಲ. ಇಂಡಿಯಾನಾದ ಎಲ್ಕ್‌ಹಾರ್ಟ್‌ನಲ್ಲಿ ಮಾತಾಡಿದ ಒಬಾಮ, ತೆರಿಗೆ ಕಟ್ಟುವವರ ದುಡ್ಡಲ್ಲಿ ಲಾಸ್ ವೇಗಸ್‌ಗೆ ಟ್ರಿಪ್ ಹೋಗುವ ಹಾಗಿಲ್ಲ ಅಂದರು. ನೆರವು ಪಡೆದ ಕಂಪನಿಗಳಿಗೆ ಹೇಳಿದ ಮಾತು, ಒಪ್ಪುತ್ತೇನೆ. ಆದರೆ ಜನರ ಕಿವಿಗೆ ಬಿದ್ದಿದ್ದು ಊರಿನ ಹೆಸರು ಮಾತ್ರ. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕ್ ಆ ದಿನಗಳಲ್ಲೇ ಇಲ್ಲಿಯ ಹೋಟೆಲ್‌ಗೆ ರದ್ದತಿ ದಂಡ ಕಟ್ಟಿ ತನ್ನ ಸಮ್ಮೇಳನವನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಒಯ್ದಿತು. ಆಗ ಮೇಯರ್ ಆಗಿದ್ದ ಆಸ್ಕರ್ ಗುಡ್‌ಮನ್, ಅಧ್ಯಕ್ಷ ಒಬಾಮ ಕ್ಷಮೆ ಕೇಳಲೇಬೇಕು ಅಂತ ಪಟ್ಟು ಹಿಡಿದರು.

ನಾನು ಕ್ಯಾಸಿನೋ ಮಾಲೀಕರ ವಕಾಲತ್ತು ಮಾಡುತ್ತಿಲ್ಲ. ಶುಕ್ರವಾರ, ಶನಿವಾರ ಈ ಊರಿಗೆ ಜನ ತಾವಾಗೇ ಬರುತ್ತಾರೆ. ಸೋಮವಾರದಿಂದ ಗುರುವಾರದ ತನಕ ಊರನ್ನು ನಡೆಸುವುದು ಕುತ್ತಿಗೆಗೆ ಸಮ್ಮೇಳನದ ಬ್ಯಾಡ್ಜ್ ಹಾಕಿಕೊಂಡು ಬರುವವರು. ಅವರು ಬರದಿದ್ದರೆ ಪೆಟ್ಟು ಬೀಳುವುದು ರೂಮ್ ಗುಡಿಸುವವರಿಗೆ, ಬ್ಯಾಂಕ್ವೆಟ್ ಹಾಲಲ್ಲಿ ಬಡಿಸುವವರಿಗೆ, ನಮ್ಮಂಥವರಿಗೆ. ಊರಿಗೆ ಬಂದಾಗಲೂ ಅದೇ ಮಾತು ಕೇಳಿ ಕೇಳಿ ಸಾಕಾಗಿದೆ: "ವೇಗಸ್‌ನಲ್ಲಿ ಕಾನ್ಫರೆನ್ಸಾ? ಮಜಾ ಮಾಡಕ್ಕೆ ಹೋಗ್ತಾರೆ ಬಿಡು." ನಿಮಗೆ ಏನನ್ನಿಸುತ್ತದೆ?

ರಾಗಿಮುದ್ದೆ
ಜನ ಸುಮ್ನೆ ಹೇಳಲ್ಲ ಸರ್. ನಿಮ್ಮ ಹೆಂಡರ್ಸನ್‌ನಲ್ಲೇ 2010ರಲ್ಲಿ ಏನಾಯಿತು? ಅಮೆರಿಕ ಸರ್ಕಾರದ ಕಟ್ಟಡ, ಖರೀದಿ ನೋಡಿಕೊಳ್ಳುವ ಜಿಎಸ್‌ಎ ಇಲಾಖೆ ಎಂ ರೆಸಾರ್ಟ್‌ನಲ್ಲಿ ಸಮ್ಮೇಳನ ಮಾಡಿ 8 ಲಕ್ಷ ಡಾಲರ್‌ಗೂ ಮೇಲೆ ಖರ್ಚು ಮಾಡಿತು. ಬಂದಿದ್ದವರು ಬರೀ 300 ಜನರ ಆಸುಪಾಸು. ಮನಸ್ಸು ಓದುವ ಮಾಂತ್ರಿಕನನ್ನು ಬೇರೆ ಕರೆಸಿದ್ದರು. 2012ರಲ್ಲಿ ಅದು ಹೊರಗೆ ಬಂದು ಇಲಾಖೆಯ ಮುಖ್ಯಸ್ಥೆ ಮಾರ್ಥಾ ಜಾನ್ಸನ್ ರಾಜೀನಾಮೆ ಕೊಡಬೇಕಾಯಿತು. ಇಂಥದ್ದು ನೋಡಿದ ಮೇಲೆ ತೆರಿಗೆ ಕಟ್ಟುವವನು ಸಂಶಯ ಪಡಬಾರದು ಅಂದರೆ ಹೇಗೆ?

ಹೆಂಡರ್ಸನ್_ಕನ್ನಡಿಗ
@ರಾಗಿಮುದ್ದೆ ಅದು ತಪ್ಪೇ. ಯಾರೂ ಸಮರ್ಥಿಸಲ್ಲ. ಆದರೆ ಆ ಅಧಿಕಾರಿಗಳು ಯಾವ ಊರಿಗೆ ಹೋಗಿದ್ದರೂ ಅದೇ ಥರ ದುಡ್ಡು ಹಾರಿಸುತ್ತಿದ್ದರು. 2008ರಲ್ಲಿ ಎಐಜಿ ವಿಮಾ ಕಂಪನಿ ಸರ್ಕಾರದ ನೆರವು ಸಿಕ್ಕ ಕೆಲವೇ ದಿನಕ್ಕೆ 4 ಲಕ್ಷ 40 ಸಾವಿರ ಡಾಲರ್ ಖರ್ಚಿನ ರೆಸಾರ್ಟ್ ಕೂಟ ನಡೆಸಿ ಬೈಸಿಕೊಂಡಿತಲ್ಲ, ಅದು ಕ್ಯಾಲಿಫೋರ್ನಿಯಾದ ಸಮುದ್ರ ತೀರದಲ್ಲಿ. ಅದಾದ ಮೇಲೆ ಯಾರಾದರೂ "ಕ್ಯಾಲಿಫೋರ್ನಿಯಾಕ್ಕೆ ಹೋಗಬೇಡಿ" ಅಂದರಾ?

ತುಂಗಾತೀರ
ಇದು ಸರಿಯಾದ ಪ್ರಶ್ನೆ 👆

ಕ್ಲೌಡ್_ಮೇಸ್ತ್ರಿ
ನಾನು ಬೆಂಗಳೂರಿನವನು, ಅಮೆಜಾನ್‌ನ ಕ್ಲೌಡ್ ಸಮ್ಮೇಳನ ರಿ:ಇನ್ವೆಂಟ್‌ಗೆ ಹೋಗಿ ಬಂದಿದ್ದೇನೆ. 2012ರಿಂದ ವೇಗಸ್‌ನಲ್ಲೇ ನಡೆಯುತ್ತಿದೆ. ಮಜಾ ಅನ್ನುವವರು ಒಮ್ಮೆ ಹೋಗಿ ನೋಡಿ. ಬೆಳಗ್ಗೆ ಎಂಟಕ್ಕೆ ಸೆಷನ್, ಒಂದು ವೆನಿಷಿಯನ್ ಹೋಟೆಲ್‌ನಲ್ಲಿ, ಮುಂದಿನದು ಎಂಜಿಎಂ ಗ್ರ್ಯಾಂಡ್‌ನಲ್ಲಿ. ನಕ್ಷೆಯಲ್ಲಿ ಹತ್ತಿರ ಕಾಣುತ್ತದೆ, ಶಟಲ್ ಬಸ್ಸಲ್ಲಿ ಟ್ರಾಫಿಕ್ ದಾಟಿ ಹೋಗುವಷ್ಟರಲ್ಲಿ ಸೆಷನ್ ಬಾಗಿಲು ಹಾಕಿರುತ್ತಾರೆ. ರಾತ್ರಿ ಬೆಂಗಳೂರಿನ ಟೀಮ್‌ಗೆ ಹಗಲಾಗಿರುತ್ತದೆ, ಕಾಲ್ ಮೇಲೆ ಕಾಲ್. ಸ್ಲಾಟ್ ಮೆಷಿನ್ ಪಕ್ಕ ದಿನಾ ನಡೆದು ಹೋದೆ, ಒಂದು ಡಾಲರ್ ಹಾಕಲಿಲ್ಲ. ಆದರೆ ನಮ್ಮ ಡೇಟಾಬೇಸ್ ಬಿಲ್ ಕಡಿಮೆ ಮಾಡುವುದು ಹೇಗೆ ಅಂತ ಗೊತ್ತಾಗಿದ್ದು ಅಲ್ಲಿ ಕಾಫಿ ಸಾಲಿನಲ್ಲಿ ಸಿಕ್ಕ ಒಬ್ಬರಿಂದ. ಅದರಿಂದ ಕಂಪನಿಗೆ ಉಳಿದಿದ್ದು ನನ್ನ ಟಿಕೆಟ್ ಖರ್ಚಿಗಿಂತ ಎಷ್ಟೋ ಪಟ್ಟು.

ಮಂಡ್ಯದ_ಮಗಳು
@ಕ್ಲೌಡ್_ಮೇಸ್ತ್ರಿ ವೀಸಾ ಹೇಗೆ ಸಿಕ್ಕಿತು ಸರ್? ನನಗೂ ಮುಂದಿನ ಸಲ ಕಳಿಸುತ್ತೇವೆ ಅಂದಿದ್ದಾರೆ.

ಕ್ಲೌಡ್_ಮೇಸ್ತ್ರಿ
@ಮಂಡ್ಯದ_ಮಗಳು ಬಿ1/ಬಿ2, ಅಂದರೆ ವ್ಯಾಪಾರ-ಪ್ರವಾಸ ವೀಸಾ ಮೇಡಂ, ಚೆನ್ನೈಗೆ ಹೋಗಿ ಇಂಟರ್‌ವ್ಯೂ ಕೊಟ್ಟೆ. ಆದಷ್ಟು ಬೇಗ ಸ್ಲಾಟ್ ಹಿಡಿಯಿರಿ. ಕೋವಿಡ್ ಆದ ಮೇಲೆ ಕಾಯುವುದು ಒಂದು ವರ್ಷ ದಾಟಿದ್ದೂ ಇದೆ.

ಲೆಕ್ಕದ_ಮೇಷ್ಟ್ರು
ಭಾವನೆ ಬಿಡಿ, ಅಂಕಿ ನೋಡೋಣ. 2008ರಲ್ಲಿ ಲಾಸ್ ವೇಗಸ್‌ಗೆ ಬಂದವರು ಸುಮಾರು 3 ಕೋಟಿ 75 ಲಕ್ಷ. 2009ರಲ್ಲಿ 3 ಕೋಟಿ 63 ಲಕ್ಷದಷ್ಟು. ಅಂದರೆ ಶೇ. 3ರಷ್ಟು ಇಳಿಕೆ, ಅಷ್ಟೇ. ಆದರೆ ಅವರಲ್ಲಿ ಸಮ್ಮೇಳನಕ್ಕೆ ಅಂತ ಬಂದವರು ಸುಮಾರು 59 ಲಕ್ಷದಿಂದ 45 ಲಕ್ಷಕ್ಕೆ ಬಿದ್ದರು. ಹತ್ತಿರ ಹತ್ತಿರ ಕಾಲು ಭಾಗ ಮಾಯ!

ಈಗ ರೂಮ್ ಬಾಡಿಗೆ ನೋಡಿ. ಸರಾಸರಿ 119 ಡಾಲರ್ ಇದ್ದಿದ್ದು 93ಕ್ಕೆ ಇಳಿಯಿತು. ಜನ ಬಂದರು, ಆದರೆ ಅಗ್ಗದ ರೂಮಿಗೆ ಬಂದರು. ಮೊದಲೇ ನೂರಾರು ರೂಮ್ ಹಿಡಿದು, ಊಟ, ಹಾಲ್, ಪ್ರೊಜೆಕ್ಟರ್ ಎಲ್ಲಕ್ಕೂ ದುಡ್ಡು ಕೊಡುವವರು ಹೋದರೆ ಹೋಟೆಲ್‌ಗೆ ಬಾಡಿಗೆ ಇಳಿಸದೆ ಗತಿಯಿಲ್ಲ. 93 ಡಾಲರ್ ರೂಮನ್ನೂ ಅಷ್ಟೇ ಹೊತ್ತು ಗುಡಿಸಬೇಕು, ಆದರೆ ಕೆಲಸದವರನ್ನು ಇಟ್ಟುಕೊಳ್ಳುವ ದುಡ್ಡು ಇರಲ್ಲ. ಮರುವರ್ಷ ನೆವಾಡಾದ ನಿರುದ್ಯೋಗ ಶೇ. 13 ದಾಟಿತ್ತು.

ಒಬಾಮರ ಒಂದು ಮಾತಿನಿಂದಲೇ ಇದೆಲ್ಲ ಆಯಿತು ಅಂತ ಮಾತ್ರ ಹೇಳಬೇಡಿ. ಆಗ ಇಡೀ ದೇಶದ ಆರ್ಥಿಕತೆ ಬಿದ್ದಿತ್ತು, ಇಲ್ಲಿ ಮನೆ ಬೆಲೆ ಕುಸಿದು ಕಟ್ಟಡ ಕೆಲಸ ನಿಂತಿತ್ತು. ಆ ಮಾತು ಉರಿಯುವ ಬೆಂಕಿಗೆ ತುಪ್ಪ ಸುರಿಯಿತು, ಬೆಂಕಿ ಹಚ್ಚಿದ್ದು ಬೇರೆ.

ಹೆಂಡರ್ಸನ್_ಕನ್ನಡಿಗ
@ಲೆಕ್ಕದ_ಮೇಷ್ಟ್ರು ಈ ಅಂಕಿ ಹಾಕಿದ್ದು ಒಳ್ಳೇದಾಯಿತು ಸರ್. ಇನ್ನೊಂದು ಗಮನಿಸಿ. ರಿ:ಇನ್ವೆಂಟ್ ನಡೆಯುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ವಾರ. ಸಿಇಎಸ್ ಅನ್ನುವ ಎಲೆಕ್ಟ್ರಾನಿಕ್ಸ್ ಮೇಳ ನಡೆಯುವುದು ಹೊಸ ವರ್ಷ ಮುಗಿದ ಕೂಡಲೇ. ರಜಾ ಮುಗಿಸಿ ಜನ ಮನೆಗೆ ಹೋಗಿರುವ ವಾರಗಳು ಇವು. ಇಲ್ಲಿಯ ಕನ್ವೆನ್ಷನ್ ಸೆಂಟರ್ 1959ರಲ್ಲೇ ಶುರುವಾಗಿದ್ದು ಇದಕ್ಕೇ, ವಾರದ ನಡುವೆ ಖಾಲಿ ಬೀಳುವ ರೂಮ್ ತುಂಬಿಸಲಿಕ್ಕೆ.

ನೆವಾಡಾ_ನಿವಾಸಿ
ಇದಕ್ಕೆ ನಾನೂ ಸೇರಿಸುತ್ತೇನೆ. ನಮ್ಮ ರಾಜ್ಯದಲ್ಲಿ ಸಂಬಳದ ಮೇಲೆ ರಾಜ್ಯ ಆದಾಯ ತೆರಿಗೆ ಇಲ್ಲ. ಹಾಗಾದರೆ ದುಡ್ಡು ಎಲ್ಲಿಂದ? ಒಂದು ದೊಡ್ಡ ಪಾಲು ಹೊರಗಿನವರಿಂದ: ಜೂಜಿನ ತೆರಿಗೆ, ಮಾರಾಟ ತೆರಿಗೆ, ರೂಮ್ ತೆರಿಗೆ. ಸ್ಟ್ರಿಪ್‌ನಲ್ಲಿ, ಅಂದರೆ ದೊಡ್ಡ ಕ್ಯಾಸಿನೋ ಹೋಟೆಲ್‌ಗಳ ಬೀದಿಯಲ್ಲಿ, ರೂಮ್ ತೆರಿಗೆ ಶೇ. 13ರ ಮೇಲಿದೆ. 2009ರಲ್ಲಿ ಅದನ್ನು ಏರಿಸಿದ್ದು ಶಾಲೆಗಳಿಗೆ ಅಂತ. ಕಾನ್ಫರೆನ್ಸ್‌ಗೆ ಬಂದು ಮೂರು ರಾತ್ರಿ ಉಳಿದವರು ಒಂದು ಎಲೆ ಆಡದಿದ್ದರೂ ನನ್ನ ಮಕ್ಕಳ ಶಾಲೆಗೆ ದುಡ್ಡು ಕೊಟ್ಟು ಹೋಗುತ್ತಾರೆ.

ಸತ್ಯಶೋಧಕ
@ನೆವಾಡಾ_ನಿವಾಸಿ ಅರ್ಧ ಹೇಳಿದಿರಿ. ಪೂರ್ತಿ ದುಡ್ಡು ಶಾಲೆಗೆ ಹೋಗಲ್ಲ. ದೊಡ್ಡ ಪಾಲು ಊರಿನ ಪ್ರವಾಸ ಪ್ರಾಧಿಕಾರಕ್ಕೆ ಹೋಗುತ್ತದೆ, ಜಾಹೀರಾತಿಗೂ ಕನ್ವೆನ್ಷನ್ ಸೆಂಟರಿಗೂ. 2016ರಲ್ಲಿ ರೂಮ್ ತೆರಿಗೆ ಮತ್ತೆ ಏರಿಸಿದ್ದು ಯಾಕೆ ಗೊತ್ತಲ್ವಾ? ಶೇ. 0.88 ಫುಟ್‌ಬಾಲ್ ಸ್ಟೇಡಿಯಂಗೆ, ಶೇ. 0.5 ಕನ್ವೆನ್ಷನ್ ಸೆಂಟರಿಗೆ. ಅಲೀಜಿಯಂಟ್ ಸ್ಟೇಡಿಯಂಗೆ 75 ಕೋಟಿ ಡಾಲರ್ ಸಾರ್ವಜನಿಕ ಹಣ ಹೋಯಿತು. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯ ತರಗತಿಗಳಲ್ಲಿ ಮಕ್ಕಳು ಕಿಕ್ಕಿರಿದು ಕೂತಿದ್ದಾರೆ. ವ್ಯಾಪಾರ ಪ್ರವಾಸ ಬೇಕು, ಸರಿ, ಆದರೆ ಅದರ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಬೇಕು.

ನೆವಾಡಾ_ನಿವಾಸಿ
ಪೂರ್ತಿ ಅಂತ ನಾನು ಹೇಳಲಿಲ್ಲವಲ್ಲ. ಆ ಪಾಲಾದರೂ ಬರುತ್ತಿದೆ ಅಂದೆ. ಸ್ಟೇಡಿಯಂ ವಿಷಯದಲ್ಲಿ ನಿಮ್ಮ ಸಿಟ್ಟೇ ನನ್ನದೂ.

ಗೌರಿಬಿದನೂರು_ಗೌಡ್ತಿ
ಎಲ್ಲ ಸರಿ, ಆದರೆ ಒಂದು ಕೇಳುತ್ತೇನೆ. ಜೂಜಿನ ಮೇಲೆ ನಿಂತ ಊರನ್ನು ಯಾಕೆ ಉಳಿಸಬೇಕು? ನಮ್ಮ ಕಡೆ ಇಸ್ಪೀಟಿನಿಂದ ಹೊಲ ಮಾರಿಕೊಂಡವರನ್ನು ಕಣ್ಣಾರೆ ಕಂಡಿದ್ದೇನೆ. ಹೆಂಡತಿ ಮೈಮೇಲಿನ ಒಡವೆ ಸಮೇತ ಹೋಯಿತು. ಅದೇ ಕೆಲಸವನ್ನು ದೀಪ ಹಾಕಿ, ಎಸಿ ಹಾಕಿ ಮಾಡಿದರೆ ಅದು ಉದ್ಯಮವಾಗುತ್ತದಾ? ಅಂಥ ಜಾಗಕ್ಕೆ ಕಂಪನಿಗಳು ಹೋಗದಿದ್ದರೆ ನನಗಂತೂ ಸಂತೋಷ.

ಲೆಕ್ಕದ_ಮೇಷ್ಟ್ರು
@ಗೌರಿಬಿದನೂರು_ಗೌಡ್ತಿ ಅಮ್ಮಾ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಕಂಪನಿಗಳು ಹೋಗದಿದ್ದರೆ ಜೂಜು ನಿಲ್ಲಲ್ಲ, ಊರಿಗೆ ಜೂಜೊಂದೇ ಉಳಿಯುತ್ತದೆ. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿ ನೋಡಿ. 1978ರಲ್ಲಿ ಅಲ್ಲಿ ಮೊದಲ ಕ್ಯಾಸಿನೋ ತೆರೆಯಿತು. ನ್ಯೂಯಾರ್ಕ್, ಫಿಲಡೆಲ್ಫಿಯಾದಿಂದ ಬಸ್ಸಲ್ಲಿ ಬಂದು, ಆಡಿ, ಸಂಜೆ ವಾಪಸ್ ಹೋಗುವವರ ಮೇಲೆ ಊರು ನಿಂತಿತ್ತು. 2006ರ ಕೊನೆಯಿಂದ ಪಕ್ಕದ ಪೆನ್ಸಿಲ್ವೇನಿಯಾದಲ್ಲೇ ಕ್ಯಾಸಿನೋ ಬಂದವು. ಮನೆ ಹತ್ತಿರ ಸ್ಲಾಟ್ ಮೆಷಿನ್ ಇದ್ದರೆ ಅಷ್ಟು ದೂರ ಯಾಕೆ ಬರುತ್ತಾರೆ? 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೋ ಮುಚ್ಚಿದವು, ಅಟ್ಲಾಂಟಿಕ್ ಕ್ಲಬ್, ಶೋಬೋಟ್, ರೆವೆಲ್, ಟ್ರಂಪ್ ಪ್ಲಾಜಾ. ಸುಮಾರು 8 ಸಾವಿರ ಜನರ ಕೆಲಸ ಹೋಯಿತು. ಮರುವರ್ಷ ಹ್ಯಾರಾಸ್ ಕ್ಯಾಸಿನೋ ಅಲ್ಲಿ 12 ಕೋಟಿ ಡಾಲರ್‌ಗೂ ಮೇಲೆ ಹಾಕಿ ಕಾನ್ಫರೆನ್ಸ್ ಸೆಂಟರ್ ತೆರೆಯಿತು. ವಾರದ ನಡುವೆ ಜನ ಬೇಕು ಅಂತ ಆಗ ಗೊತ್ತಾಯಿತು.

ಇತ್ತ ವೇಗಸ್ ಸ್ಟ್ರಿಪ್‌ನ ದೊಡ್ಡ ಹೋಟೆಲ್‌ಗಳಲ್ಲಿ 1990ರ ದಶಕದ ಕೊನೆಯಿಂದಲೇ ಒಟ್ಟು ಆದಾಯದಲ್ಲಿ ಜೂಜಿನ ಪಾಲು ಅರ್ಧಕ್ಕಿಂತ ಕಡಿಮೆ. ರೂಮು, ಊಟ, ಶೋ, ಸಮ್ಮೇಳನ, ಇವೇ ಜಾಸ್ತಿ.

ಕಡತ_ಕೃಷ್ಣಮೃಗ
ಇದರ ಹಿಂದೆ ಶೆಲ್ಡನ್ ಅಡೆಲ್ಸನ್ ಕಥೆ ಇದೆ. ಆತ ಮೂಲತಃ ಕ್ಯಾಸಿನೋದವನಲ್ಲ, ಟ್ರೇಡ್ ಶೋದವನು. 1979ರಲ್ಲಿ ಕಾಮ್‌ಡೆಕ್ಸ್ ಅನ್ನುವ ಕಂಪ್ಯೂಟರ್ ಮೇಳ ಶುರು ಮಾಡಿದ. ಸಮ್ಮೇಳನಕ್ಕೆ ಬರುವವರು ಜೂಜಾಡಲ್ಲ ಅಂತ ಹಳೇ ಕ್ಯಾಸಿನೋದವರಿಗೆ ಅವರ ಮೇಲೆ ಅಷ್ಟಕ್ಕಷ್ಟೇ. ಈತ ಸ್ಯಾಂಡ್ಸ್ ಹೋಟೆಲ್ ಕೊಂಡು, 1990ರಲ್ಲಿ ಪಕ್ಕದಲ್ಲೇ ಖಾಸಗಿ ಎಕ್ಸ್‌ಪೋ ಸೆಂಟರ್ ತೆರೆದ. 1999ರಲ್ಲಿ ವೆನಿಷಿಯನ್ ತೆರೆದಾಗ ರೂಮ್‌ಗಳೆಲ್ಲ ಸೂಟ್, ಒಳಗೆ ಫ್ಯಾಕ್ಸ್ ಮೆಷಿನ್! ವಾರದ ನಡುವೆ ಬರುವ ವ್ಯಾಪಾರಿಯನ್ನು ಮನಸ್ಸಲ್ಲಿಟ್ಟು ಕಟ್ಟಿದ ಹೋಟೆಲ್ ಅದು. ಮಿಕ್ಕವರೆಲ್ಲ ಆಮೇಲೆ ಅದೇ ದಾರಿ ಹಿಡಿದರು.

ಪಣಜಿಯಿಂದ
ಗೋವಾದಲ್ಲಿರುವ ಕನ್ನಡಿಗ ನಾನು. ಇಲ್ಲಿ ಮಾಂಡೋವಿ ನದಿಯಲ್ಲಿ ಕ್ಯಾಸಿನೋ ಹಡಗುಗಳಿವೆ. ವಾರಾಂತ್ಯಕ್ಕೆ ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನ ಗಾಡಿಗಳು ಸಾಲಾಗಿ ಬರುತ್ತವೆ. ಬರುತ್ತಾರೆ, ಆಡುತ್ತಾರೆ, ಹೋಗುತ್ತಾರೆ. ಊರಿಗೆ ಉಳಿಯುವುದು ಟ್ರಾಫಿಕ್ಕು, ಗಲಾಟೆ. 2020ರಿಂದ ಗೋವಾದವರೇ ಒಳಗೆ ಹೋಗುವ ಹಾಗಿಲ್ಲ, ಅಷ್ಟು ವಿರೋಧವಿತ್ತು. ಕ್ಯಾಸಿನೋ ಜೊತೆಗೆ ದೊಡ್ಡ ಸಮ್ಮೇಳನ ಕೇಂದ್ರ ಬೆಳೆದಿದ್ದರೆ ಮಂಗಳವಾರವೂ ಪಣಜಿಯ ಹೋಟೆಲ್ ಹುಡುಗರಿಗೆ ಕೆಲಸ ಇರುತ್ತಿತ್ತು. ವೇಗಸ್ ಮಾದರಿ ಬೇಕು ಅಂತಲ್ಲ, ಜೂಜನ್ನು ಒಂಟಿಯಾಗಿ ಬಿಟ್ಟರೆ ಊರಿಗೆ ಸಿಗುವುದು ಬಹಳ ಕಡಿಮೆ ಅಂತ ಹೇಳುತ್ತಿದ್ದೇನೆ.

ಕರಾವಳಿ_ಕೂಸು
ಸಿಂಗಪುರದವರು ಇದನ್ನು ಮೊದಲೇ ಯೋಚಿಸಿದರು. ನಾನು ಇಲ್ಲೇ ಕೆಲಸ ಮಾಡುವುದು. 2005ರಲ್ಲಿ ಕ್ಯಾಸಿನೋಗೆ ಒಪ್ಪಿಗೆ ಕೊಟ್ಟಾಗ ಬರೀ ಕ್ಯಾಸಿನೋ ಕೊಡಲ್ಲ, ಹೋಟೆಲು, ಸಮ್ಮೇಳನ ಕೇಂದ್ರ, ಅಂಗಡಿ, ಮ್ಯೂಸಿಯಂ ಎಲ್ಲ ಸೇರಿಸಿ ಕಟ್ಟಿ ಅಂದರು. 2010ರಲ್ಲಿ ಮರೀನಾ ಬೇ ಸ್ಯಾಂಡ್ಸ್ ತೆರೆಯಿತು, ಅದೇ ಅಡೆಲ್ಸನ್ ಕಂಪನಿಯದು. ಸ್ಥಳೀಯರು ಕ್ಯಾಸಿನೋ ಒಳಗೆ ಹೋಗಬೇಕಾದರೆ ದಿನಕ್ಕೆ 100 ಸಿಂಗಪುರ ಡಾಲರ್ ಕಟ್ಟಬೇಕಿತ್ತು, 2019ರಲ್ಲಿ 150 ಮಾಡಿದರು. ಮನೆಯವರೇ ಅರ್ಜಿ ಕೊಟ್ಟು ಗಂಡನನ್ನೋ ಮಗನನ್ನೋ ಒಳಗೆ ಬಿಡದ ಹಾಗೆ ಮಾಡಿಸಬಹುದು. @ಗೌರಿಬಿದನೂರು_ಗೌಡ್ತಿ ಅವರು ಹೇಳಿದ ಕಷ್ಟಕ್ಕೆ ಇದು ಸ್ವಲ್ಪವಾದರೂ ಉತ್ತರ ಅಲ್ವಾ?

ಗೌರಿಬಿದನೂರು_ಗೌಡ್ತಿ
ಮನೆಯವರು ಅರ್ಜಿ ಕೊಡಬಹುದು ಅನ್ನುವುದು ಒಳ್ಳೆಯ ಕ್ರಮ. ನನಗೆ ಇಷ್ಟವಾಯಿತು. ಆದರೆ ಅಮೆರಿಕದಲ್ಲಿ ಇದು ಇಲ್ಲದೆ ಬರೀ ಸಮ್ಮೇಳನ ತಂದರೆ ಸಾಲದು. ಅಲ್ಲಿಗೆ ಹೋದ ಕಂಪನಿ ಹುಡುಗರೂ ಆ ಮೆಷಿನ್‌ಗಳ ಪಕ್ಕದಲ್ಲೇ ದಿನಾ ನಡೆದು ಹೋಗಬೇಕು ಅಂತ @ಕ್ಲೌಡ್_ಮೇಸ್ತ್ರಿ ಅವರೇ ಬರೆದಿದ್ದಾರೆ.

ಝೂಮ್_ಸಾಕು
ಇಷ್ಟೆಲ್ಲ ಯಾಕೆ? ಆನ್‌ಲೈನ್ ಮೀಟಿಂಗ್ ಮಾಡಿ. ವಿಮಾನದ ಹೊಗೆಯೂ ಉಳಿಯುತ್ತದೆ. ಮರುಭೂಮಿಯಲ್ಲಿ ನೀರಿಲ್ಲದ ಊರಿಗೆ ಲಕ್ಷಾಂತರ ಜನರನ್ನು ತಂದು ತುಂಬುವುದು ಯಾವ ನ್ಯಾಯ?

ಕ್ಲೌಡ್_ಮೇಸ್ತ್ರಿ
@ಝೂಮ್_ಸಾಕು ಅದನ್ನೂ ಮಾಡಿ ನೋಡಿದ್ದಾಯಿತು. 2021ರ ಸಿಇಎಸ್ ಪೂರ್ತಿ ಆನ್‌ಲೈನ್. ಅದು ಸಾಕಾಗಿದ್ದರೆ ಮತ್ತೆ ಯಾರೂ ಬರುತ್ತಿರಲಿಲ್ಲ. 2020ರಲ್ಲಿ 1 ಲಕ್ಷ 70 ಸಾವಿರ ಜನ ಬಂದಿದ್ದರು, 2022ರಲ್ಲಿ ಕೋವಿಡ್ ಭಯಕ್ಕೆ 50 ಸಾವಿರವೂ ಬರಲಿಲ್ಲ, 2025ರಲ್ಲಿ 1 ಲಕ್ಷ 40 ಸಾವಿರ ದಾಟಿತು. ಹೊಸ ಮೆಷಿನ್ ಮುಟ್ಟಿ ನೋಡದೆ ಯಾರು ಆರ್ಡರ್ ಕೊಡುತ್ತಾರೆ?

ನೆವಾಡಾ_ನಿವಾಸಿ
ನೀರಿನ ಬಗ್ಗೆ: ಇಲ್ಲಿ ಮನೆ, ಹೋಟೆಲ್ ಒಳಗೆ ಬಳಸಿದ ನೀರು ಹೆಚ್ಚುಕಡಿಮೆ ಎಲ್ಲವೂ ಶುದ್ಧವಾಗಿ, ಊರಿಗೆ ನೀರು ಕೊಡುವ ಮೀಡ್ ಸರೋವರಕ್ಕೆ ವಾಪಸ್ ಹೋಗುತ್ತದೆ. ನೀರು ಖರ್ಚಾಗುವುದು ಹುಲ್ಲುಹಾಸಿಗೆ, ಕೂಲರ್‌ಗೆ. ಹೋಟೆಲ್ ಶವರ್ ಅಷ್ಟು ದೊಡ್ಡ ಕಳ್ಳ ಅಲ್ಲ. ವಿಮಾನದ ಹೊಗೆ ಬಗ್ಗೆ ನಿಮ್ಮ ಮಾತು ಸರಿ.

ಬಡಿಸುವ_ಕೈ
ನಾನು ಇಲ್ಲಿ ಸಾಮಾನ್ಯವಾಗಿ ಬರೆಯಲ್ಲ, ಓದುತ್ತೇನೆ ಅಷ್ಟೇ. ಆದರೆ ಇದು ನನ್ನ ಬದುಕಿನ ವಿಷಯ. ಸ್ಟ್ರಿಪ್‌ನ ಒಂದು ಹೋಟೆಲ್‌ನಲ್ಲಿ ಬ್ಯಾಂಕ್ವೆಟ್ ಸರ್ವರ್ ನಾನು. ಊರು ಹಾಸನದ ಕಡೆ. ನಮ್ಮ ಕೆಲಸ ಪೂರ್ತಿ ಸಮ್ಮೇಳನಗಳ ಮೇಲೆ. ಹಾಲ್ ಬುಕ್ ಆದರೆ ಕರೆಯುತ್ತಾರೆ, ಇಲ್ಲದಿದ್ದರೆ ಇಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿತು. ಏಪ್ರಿಲ್‌ನಲ್ಲಿ ನೆವಾಡಾದ ನಿರುದ್ಯೋಗ ಶೇ. 30ರ ಹತ್ತಿರ ಹೋಯಿತು. ಜೂನ್ 4ಕ್ಕೆ ಕ್ಯಾಸಿನೋ ತೆರೆದಾಗ ಟಿವಿಯಲ್ಲಿ ಪಟಾಕಿ, ಕಾರಂಜಿ ತೋರಿಸಿದರು, ಊರಿಂದ ಅಮ್ಮ ಫೋನ್ ಮಾಡಿ "ಇನ್ನು ಕೆಲಸ ಶುರುವಾಯಿತಲ್ಲ" ಅಂದರು. ಶುರುವಾಗಿರಲಿಲ್ಲ. ಜೂಜಿನ ಟೇಬಲ್ ತೆರೆದಿತ್ತು, ದೊಡ್ಡ ಸಭೆ ಸೇರುವ ಹಾಗಿರಲಿಲ್ಲ. ಎಲೆ ಹಂಚುವ ಡೀಲರ್‌ಗಳು ಕೆಲಸಕ್ಕೆ ಹೋದರು, ಸ್ಲಾಟ್ ವಿಭಾಗದವರು ಹೋದರು, ನಾವು ಮನೆಯಲ್ಲಿ. ಮೊದಲ ದೊಡ್ಡ ಶೋ ಅಂತ ಇಲ್ಲಿ ನಡೆದಿದ್ದು 2021ರ ಜೂನ್‌ನಲ್ಲಿ, ವರ್ಲ್ಡ್ ಆಫ್ ಕಾಂಕ್ರೀಟ್. ಕಾಂಕ್ರೀಟ್ ಮಿಕ್ಸರ್, ಲಾರಿ, ಮೇಸ್ತ್ರಿಗಳ ಶೋ. ಅವತ್ತು ಆ ಲಾರಿಗಳನ್ನು ನೋಡಿ ನನ್ನ ಜೊತೆಯವರು ಅತ್ತರು.

ಕ್ಯಾಸಿನೋ ಊರು ಅಂದರೆ ಜೂಜಿನಿಂದಲೇ ಎಲ್ಲರ ಹೊಟ್ಟೆ ತುಂಬುತ್ತದೆ ಅಂದುಕೊಳ್ಳುವವರಿಗೆ ಆ ಒಂದು ವರ್ಷ ಸಾಕು. ಜೂಜು ಇತ್ತು, ನಮಗೆ ಸಂಬಳ ಇರಲಿಲ್ಲ. ನಮ್ಮ ಯೂನಿಯನ್, ಕಲಿನರಿ 226, ಊಟದ ಪೊಟ್ಟಣ ಹಂಚಿತು. ಅದನ್ನು ತಿಂದು ಮಕ್ಕಳನ್ನು ಸಾಕಿದ್ದೇವೆ. ಕಂಪನಿಯವರು ಮೀಟಿಂಗ್‌ಗೆ ಬಂದರೆ ಅದು ಮೋಜು ಅನ್ನುವವರು ನಮ್ಮ ಕಡೆಯಿಂದಲೂ ನೋಡಿ.

ತುಂಗಾತೀರ
@ಬಡಿಸುವ_ಕೈ ಅಕ್ಕಾ, ಬರೆದಿದ್ದಕ್ಕೆ ಧನ್ಯವಾದ. ಇದು ಯಾವ ಪೇಪರಿನಲ್ಲೂ ಓದಿರಲಿಲ್ಲ.

ಸತ್ಯಶೋಧಕ
ಇಲ್ಲಿ ಯೂನಿಯನ್ ವಿಷಯ ಮುಖ್ಯ. 2023ರ ಕೊನೆಯಲ್ಲಿ ಎಂಜಿಎಂ, ಸೀಸರ್ಸ್, ವಿನ್ ಮೂರೂ ಕಂಪನಿಗಳ ಜೊತೆ ಐದು ವರ್ಷಕ್ಕೆ ಶೇ. 32ರಷ್ಟು ಏರಿಕೆಯ ಒಪ್ಪಂದ ಆಯಿತು. ಹೋಟೆಲ್ ರೂಮನ್ನು ದಿನಾ ಗುಡಿಸಲೇಬೇಕು ಅನ್ನುವ ಷರತ್ತೂ ಬಂತು. ಸಮ್ಮೇಳನದ ದುಡ್ಡು ಕೆಲಸದವರ ಕೈಗೆ ತಲುಪುವುದು ಇಂಥ ಒಪ್ಪಂದ ಇದ್ದಾಗ. ಇಲ್ಲದಿದ್ದರೆ ಅದೂ ಮಾಲೀಕರ ಜೇಬಿಗೇ.

ಮಂಡ್ಯದ_ಮಗಳು
@ಬಡಿಸುವ_ಕೈ ಅಕ್ಕಾ, ಒಂದು ಕೇಳಲಾ? ರೂಮ್ ಗುಡಿಸುವವರಿಗೆ ಟಿಪ್ ಕೊಡಬೇಕಾ? ಎಷ್ಟು? ಸಸ್ಯಾಹಾರ ಸಿಗುತ್ತದಾ?

ಬಡಿಸುವ_ಕೈ
@ಮಂಡ್ಯದ_ಮಗಳು ಕೊಡಮ್ಮ. ದಿನಕ್ಕೆ ಐದು ಡಾಲರ್ ಆದರೂ ಇಡು, ದಿನಾ ಬೆಳಗ್ಗೆ ಇಡು. ಕೊನೇ ದಿನ ಒಟ್ಟಿಗೆ ಇಟ್ಟರೆ ಅವತ್ತು ಬರುವವರು ಬೇರೆ ಇರಬಹುದು. ಸಸ್ಯಾಹಾರ ಬೇಕು ಅಂತ ನೋಂದಣಿ ಫಾರಂನಲ್ಲೇ ಬರೆದುಬಿಡು, ಅಡುಗೆಮನೆಗೆ ಮೊದಲೇ ಪಟ್ಟಿ ಬರುತ್ತದೆ. ಬರೆಯದೆ ಬಂದರೆ ಸಲಾಡ್ ತಿಂದು ಮಲಗಬೇಕಾಗುತ್ತದೆ.

ಹೆಂಡರ್ಸನ್_ಕನ್ನಡಿಗ
2025ರದ್ದೂ ಹೇಳಿಬಿಡುತ್ತೇನೆ. ಆ ಬೇಸಿಗೆಯಲ್ಲಿ ಪ್ರವಾಸಿಗಳು ಸಿಕ್ಕಾಪಟ್ಟೆ ಕಡಿಮೆಯಾದರು, ಜೂನ್, ಜುಲೈ ಎರಡೂ ತಿಂಗಳು ಹಿಂದಿನ ವರ್ಷಕ್ಕಿಂತ ಶೇ. 11, 12ರಷ್ಟು ಇಳಿಕೆ. ಕೆನಡಾದವರು ಬರುವುದು ಕಡಿಮೆ ಮಾಡಿದರು, ರೂಮ್ ಬಾಡಿಗೆಯ ಮೇಲೆ ಹಾಕುವ ರೆಸಾರ್ಟ್ ಫೀ, ಪಾರ್ಕಿಂಗ್ ದರ ನೋಡಿ ಅಮೆರಿಕದವರೂ ಬೇಸತ್ತರು. ಹಾಗೆ ದರ ಏರಿಸಿದ್ದು ಹೋಟೆಲ್‌ಗಳ ತಪ್ಪು, ಅದನ್ನು ಮುಚ್ಚಿಡಲ್ಲ. ಅಂಥ ಹೊತ್ತಲ್ಲೇ ಒಂದು ಕಂಪನಿ "ಹೆಸರು ಕೆಡುತ್ತದೆ" ಅಂತ ಬೇರೆ ಊರಿಗೆ ಹೋದರೆ ಪೆಟ್ಟು ಎರಡು ಪಟ್ಟು.

ರಾಗಿಮುದ್ದೆ
ಖಾಸಗಿ ಕಂಪನಿ ಅದರ ದುಡ್ಡಲ್ಲಿ ಎಲ್ಲಿಗೆ ಬೇಕಾದರೂ ಹೋಗಲಿ, ಬಡಿಸುವ ಅಕ್ಕ ಬರೆದಿದ್ದನ್ನು ಓದಿದ ಮೇಲೆ ಹೋಗಲಿ ಅಂತಲೇ ಹೇಳುತ್ತೇನೆ. ಆದರೆ ಸರ್ಕಾರಿ ದುಡ್ಡಿನ ವಿಷಯದಲ್ಲಿ ನಾನು ಬಗ್ಗಲ್ಲ. ಪ್ರತಿ ಡಾಲರ್‌ಗೂ ಲೆಕ್ಕ ಬೇಕು.

ಹೆಂಡರ್ಸನ್_ಕನ್ನಡಿಗ
@ರಾಗಿಮುದ್ದೆ ಆ ಲೆಕ್ಕ 2012ರಲ್ಲೇ ಬಂತು ಸರ್. ಜಿಎಸ್‌ಎ ಹಗರಣ ಆದ ಕೂಡಲೇ ಶ್ವೇತಭವನದ ಬಜೆಟ್ ಕಚೇರಿ ಆದೇಶ ಹೊರಡಿಸಿತು: 1 ಲಕ್ಷ ಡಾಲರ್ ಮೀರಿದ ಪ್ರತಿ ಸಮ್ಮೇಳನದ ವಿವರ ಇಲಾಖೆ ಸಾರ್ವಜನಿಕವಾಗಿ ಹಾಕಬೇಕು, 5 ಲಕ್ಷ ಮೀರಿದರೆ ಇಲಾಖೆ ಮುಖ್ಯಸ್ಥರ ವಿಶೇಷ ಅನುಮತಿ ಇಲ್ಲದೆ ಮಾಡುವ ಹಾಗಿಲ್ಲ. ಈ ನಿಯಮದಲ್ಲಿ ಯಾವ ಊರಿನ ಹೆಸರೂ ಇಲ್ಲ. ಖರ್ಚಿಗೆ ಮಿತಿ ಹಾಕಿ, ಊರಿಗೆ ಹಾಕಬೇಡಿ. ಕಂಪನಿಗಳಿಗೂ ನಾನು ಕೇಳುವುದು ಇಷ್ಟನ್ನೇ.

ರಾಗಿಮುದ್ದೆ
ಈ ನಿಯಮ ಸರಿ ಇದೆ. ಇದಕ್ಕೆ ನನ್ನ ತಕರಾರಿಲ್ಲ.

ಗೌರಿಬಿದನೂರು_ಗೌಡ್ತಿ
ನನ್ನ ತಕರಾರು ಹಾಗೇ ಇದೆ. ಬಡಿಸುವ ಕೈ ತಂಗಿಗೆ ಕೆಲಸ ಇರಲಿ, ಆ ಮೆಷಿನ್‌ಗಳು ಹೋಗಲಿ. ಸಿಂಗಪುರದ ಆ ಅರ್ಜಿ ಎಲ್ಲಿ, ಯಾರಿಗೆ ಕೊಡಬೇಕು, ಹೊರದೇಶದವರೂ ಕೊಡಬಹುದಾ ಅಂತ @ಕರಾವಳಿ_ಕೂಸು ಸ್ವಲ್ಪ ಬರೆಯುತ್ತೀರಾ? ನಮ್ಮ ಸಂಬಂಧಿಕರ ಹುಡುಗನೊಬ್ಬ ಅಲ್ಲೇ ಕೆಲಸಕ್ಕಿದ್ದಾನೆ.

ಕರಾವಳಿ_ಕೂಸು
@ಗೌರಿಬಿದನೂರು_ಗೌಡ್ತಿ ಅಮ್ಮಾ, ಅದನ್ನು ನೋಡಿಕೊಳ್ಳುವುದು ಇಲ್ಲಿಯ ಸಮಸ್ಯಾತ್ಮಕ ಜೂಜಿನ ರಾಷ್ಟ್ರೀಯ ಮಂಡಳಿ. ಆ ಹುಡುಗ ತಾನೇ ಮನಸ್ಸು ಮಾಡಿದರೆ ತನ್ನ ಮೇಲೆ ತಾನೇ ನಿರ್ಬಂಧ ಹಾಕಿಸಿಕೊಳ್ಳಬಹುದು, ಅದು ಎಲ್ಲಕ್ಕಿಂತ ಸುಲಭ. ಮಿಕ್ಕಿದ್ದನ್ನು ಖಾಸಗಿ ಮೆಸೇಜ್‌ನಲ್ಲಿ ಮಾತಾಡೋಣ.